ಬಟ್ಟೆ ಹಿಂಡದ ವಾಷಿಂಗ್ ಮಷಿನ್: ಮೊದಲು ನೀರಿನ ದಾರಿ ನೋಡಿ

ಕೇಳುಗರಿಗೆ ನಮಸ್ಕಾರ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ವಾಷಿಂಗ್ ಮಷಿನ್ ರಿಪೇರಿ ಮಾಡಿಕೊಂಡು ಬಂದಿರುವ ನನ್ನನ್ನು ಜನ ಹೆಚ್ಚಾಗಿ ಕರೆಯುವುದು ಒಂದೇ ದೂರಿಗೆ: ಮಷಿನ್ ಬಟ್ಟೆ ಒಗೆಯುತ್ತದೆ, ಆದರೆ ಹಿಂಡುವುದಿಲ್ಲ, ಮುಚ್ಚಳ ತೆಗೆದರೆ ಬಟ್ಟೆಗಳು ನೀರು ಸೋರುತ್ತ ಮುದ್ದೆಯಾಗಿ ಬಿದ್ದಿರುತ್ತವೆ. ಮೋಟಾರು ಸುಟ್ಟಿರಬೇಕೆಂದು ಮನೆಯವರು ಅಷ್ಟರಲ್ಲಿ ತೀರ್ಮಾನಿಸಿ, ಹೊಸ ಮಷಿನ್ನಿನ ಬೆಲೆಯನ್ನೂ ವಿಚಾರಿಸಿರುತ್ತಾರೆ. ನಾನು ಕಂಡಂತೆ ಮೋಟಾರು ಸುಟ್ಟಿರುವುದು ಅಪರೂಪ. ಹೆಚ್ಚಿನ ಸಲ ಒಳಗಿನ ನೀರು ಹೊರಗೆ ಹೋಗಿರುವುದಿಲ್ಲ.

ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ತಿಳಿಯಲು ಫುಲ್ಲಿ ಆಟೊಮ್ಯಾಟಿಕ್ ಮಷಿನ್ನಿನಲ್ಲಿ ಒಂದು ಪ್ರೆಷರ್ ಸ್ವಿಚ್ ಇರುತ್ತದೆ. ನೀರು ಖಾಲಿಯಾಯಿತೆಂದು ಅದು ತಿಳಿಸುವವರೆಗೆ ಡ್ರಮ್ ಜೋರಾಗಿ ತಿರುಗುವುದಿಲ್ಲ. ಬಟ್ಟೆ ಹಿಂಡುವಾಗ ಟಾಪ್ ಲೋಡ್ ಮಷಿನ್ ನಿಮಿಷಕ್ಕೆ ಸುಮಾರು 700 ಸುತ್ತು, ಫ್ರಂಟ್ ಲೋಡ್ ಮಷಿನ್ 1000ದಿಂದ 1400 ಸುತ್ತು ತಿರುಗುತ್ತದೆ. ನೀರು ತುಂಬಿರುವಾಗ ಆ ವೇಗಕ್ಕೆ ಹೋದರೆ ಮೋಟಾರಿಗೂ ಬೇರಿಂಗಿಗೂ ಪೆಟ್ಟು ಬೀಳುತ್ತದೆ. ಆದ್ದರಿಂದ ಮಷಿನ್ ನಿಂತಿರುವುದು ಎಷ್ಟೋ ಸಲ ತನ್ನನ್ನು ತಾನು ಕಾಪಾಡಿಕೊಳ್ಳುವುದಕ್ಕಾಗಿಯೇ.

ಮೊದಲು ನೀರು ಹೊರಹೋಗುವ ಪೈಪನ್ನು ನೋಡಿ. ಗೋಡೆಗೂ ಮಷಿನ್ನಿಗೂ ನಡುವೆ ಅದು ಮಡಚಿಕೊಂಡಿರಬಹುದು. ನಮ್ಮ ಕಡೆ ಪೈಪನ್ನು ಬಚ್ಚಲಿನ ಹೊಸ್ತಿಲ ಮೇಲೆ ಹಾಯಿಸಿ ಬಿಡುವ ರೂಢಿಯಿದೆ. ಅನೇಕ ಟಾಪ್ ಲೋಡ್ ಮಷಿನ್ನುಗಳಲ್ಲಿ ನೀರನ್ನು ಮೇಲೆತ್ತುವ ಪಂಪು ಇರುವುದೇ ಇಲ್ಲ. ನೀರು ಇಳಿಜಾರಿನಲ್ಲಿ ತಾನೇ ಹರಿದು ಹೋಗಬೇಕು. ಪೈಪು ಒಂದು ಗೇಣು ಮೇಲೆದ್ದರೂ ತಳದ ನೀರು ಅಲ್ಲೇ ಉಳಿಯುತ್ತದೆ.

ಫ್ರಂಟ್ ಲೋಡ್ ಮಷಿನ್ನಿನಲ್ಲಿ ಮುಂಭಾಗದ ಕೆಳಮೂಲೆಯ ಸಣ್ಣ ಮುಚ್ಚಳದ ಹಿಂದೆ ಫಿಲ್ಟರ್ ಇರುತ್ತದೆ. ಪ್ಲಗ್ ಕಿತ್ತು, ಬಿಸಿನೀರಿನಲ್ಲಿ ಒಗೆದಿದ್ದರೆ ಆರುವವರೆಗೆ ಕಾದು, ಅಡಿಯಲ್ಲೊಂದು ತಟ್ಟೆಯಿಟ್ಟು ಅದನ್ನು ನಿಧಾನವಾಗಿ ತಿರುಗಿಸಿ ತೆಗೆಯಿರಿ. ನಾಣ್ಯ, ಗುಂಡಿ, ತಲೆಪಿನ್ನು ಸಿಗುವುದು ಸಾಮಾನ್ಯ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುವ ಒಂದು ಮನೆಯಲ್ಲಿ ಫಿಲ್ಟರ್ ಶುದ್ಧವಾಗಿಯೇ ಇತ್ತು, ಆದರೂ ನೀರು ಇಳಿಯುತ್ತಿರಲಿಲ್ಲ. ಟಾರ್ಚ್ ಹಿಡಿದು ನೋಡಿದರೆ, ಒಳಗಿನ ಪಂಪಿನ ಪುಟ್ಟ ಚಕ್ರದ ಸುತ್ತ ಕೆಲಸದ ಬಟ್ಟೆಗಳಿಂದ ಬಂದ ರೇಷ್ಮೆ ಎಳೆಗಳು ಹಗ್ಗದಂತೆ ಬಿಗಿದುಕೊಂಡಿದ್ದವು. ಚಿಮುಟದಿಂದ ಒಂದೊಂದೇ ಎಳೆ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು; ಬೇರೆ ಯಾವ ಭಾಗವನ್ನೂ ಬದಲಿಸಬೇಕಾಗಲಿಲ್ಲ. ಅಂಥ ಬಟ್ಟೆಗಳನ್ನು ಹೊರಗೆ ಚೆನ್ನಾಗಿ ಕೊಡವಿ, ಜಾಲರಿ ಚೀಲದಲ್ಲಿಟ್ಟು ಹಾಕಿ ಎಂದು ಆ ಮನೆಯ ಅಮ್ಮನವರಿಗೆ ಹೇಳಿ ಬಂದೆ.

ನಂದಿಬೆಟ್ಟದ ಸುತ್ತ ನದಿಗಳು ಹುಟ್ಟುತ್ತವೆಯಾದರೂ ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿಲ್ಲ. ನಾವು ನಂಬಿರುವುದು ಬೋರ್‌ವೆಲ್ ನೀರನ್ನು. ಗಡಸು ನೀರಿನಲ್ಲಿ ನೊರೆ ಬರಲಿಲ್ಲವೆಂದು ಒಂದು ಚಮಚ ಹಾಕುವಲ್ಲಿ ಮೂರು ಚಮಚ ಪೌಡರ್ ಸುರಿಯುತ್ತೇವೆ. ಕರಗದೆ ಉಳಿದ ಪೌಡರ್, ನೀರಿನ ಸುಣ್ಣದಂಶ, ಬಟ್ಟೆಯ ಜುಂಗು ಮೂರೂ ಸೇರಿ ಬೂದು ಬಣ್ಣದ ಅಂಟಾಗಿ ನೀರಿನ ದಾರಿಯಲ್ಲಿ ಕೂರುತ್ತವೆ. ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ ಸುಮಾರು 100 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಹಾಕಿ ಬಿಸಿನೀರಿನಲ್ಲಿ ಓಡಿಸಿದರೆ ಸುಣ್ಣ ಬಿಡುತ್ತದೆ. ಅದರ ಜೊತೆ ಬ್ಲೀಚಿಂಗ್ ಪೌಡರನ್ನು ಎಂದಿಗೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ನೀರು ಇಳಿದ ಮೇಲೂ ತಿರುಗದಿದ್ದರೆ ಬಟ್ಟೆಯ ಹಂಚಿಕೆ ನೋಡಿ. ನೆನೆದ ಜಮಖಾನೆ ಒಂದೇ ಇದ್ದರೆ ಭಾರವೆಲ್ಲ ಒಂದು ಪಕ್ಕಕ್ಕೆ ವಾಲುತ್ತದೆ; ಮಷಿನ್ ಎರಡು ಮೂರು ಸಲ ಪ್ರಯತ್ನಿಸಿ ಸುಮ್ಮನಾಗುತ್ತದೆ. ಜೊತೆಗೆ ಒಂದೆರಡು ಟವೆಲ್ ಹಾಕಿ, ಬಿಡಿಸಿ ಹರಡಿ.

ಇನ್ನು ಕರೆಂಟು. ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ, ಸೆಮಿ ಆಟೊಮ್ಯಾಟಿಕ್ ಮಷಿನ್ನಿನ ಮೋಟಾರಿನ ತಿರುಗಿಸುವ ಬಲ ಸುಮಾರು ಶೇಕಡಾ 60ಕ್ಕೆ ಕುಸಿಯುತ್ತದೆ. ಆಗ ಅದು ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ತಕ್ಷಣ ಆರಿಸಿ, ಇಲ್ಲದಿದ್ದರೆ ನಿಜವಾಗಿಯೂ ಸುಡುತ್ತದೆ. ವೋಲ್ಟೇಜ್ ಸರಿಯಿದ್ದಾಗಲೂ ಅದೇ ಸದ್ದು ಬಂದರೆ ಮೋಟಾರು ತಿರುಗತೊಡಗಲು ನೆರವಾಗುವ ಕೆಪಾಸಿಟರ್ ಸೋತಿರಬಹುದು, ಇಲ್ಲವೇ ಹಿಂಡುವ ತೊಟ್ಟಿಯ ಕೆಳಗೆ ಕರ್ಚೀಫೊಂದು ಸಿಕ್ಕಿಕೊಂಡಿರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ, ಅದನ್ನು ನೀವು ಮುಟ್ಟಬೇಡಿ. ಮುಚ್ಚಳ ತೆರೆದ ಕೆಲವೇ ಸೆಕೆಂಡುಗಳಲ್ಲಿ ತೊಟ್ಟಿ ನಿಲ್ಲದಿದ್ದರೆ ಬ್ರೇಕ್ ಸವೆದಿದೆ ಎಂದರ್ಥ. ಮಕ್ಕಳಿರುವ ಮನೆಯಲ್ಲಿ ಆ ಮಷಿನ್ನನ್ನು ಒಂದು ದಿನವೂ ಹಾಗೆಯೇ ಬಳಸಬಾರದು.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ಮೂರು ಸಂಗತಿ ಗಮನಿಸಿಕೊಳ್ಳಿ: ನೀರು ಪೂರ್ತಿ ಇಳಿದಿತ್ತೆ, ಸದ್ದು ಬರುತ್ತಿತ್ತೆ, ಖಾಲಿ ಡ್ರಮ್ ತಿರುಗುತ್ತದೆಯೆ. ಇಷ್ಟು ತಿಳಿದರೆ ಯಾವ ಭಾಗ ತರಬೇಕೆಂದು ನಮಗೆ ಅಂಗಡಿಯಲ್ಲಿಯೇ ಗೊತ್ತಾಗುತ್ತದೆ. ನಮಸ್ಕಾರ.