ಹೋಗಿ ನಿಮ್ಮಪ್ಪನಿಗೆ ಹೇಳು

ನಮಸ್ಕಾರ, ತುಮಕೂರಿನಿಂದ. ಮಧ್ಯೆ ಕುಕ್ಕರ್ ಕೂಗಿದರೆ ಗಾಬರಿಯಾಗಬೇಡಿ. ಇದು ಸ್ಟುಡಿಯೋ ಅಲ್ಲ, ನಮ್ಮ ಮನೆಯ ಮಲಗುವ ಕೋಣೆ. ಹಿಂದೆ ಕಾಣುವ ಪರದೆ ಕೂಡ ಹಳೇ ಬೆಡ್‌ಶೀಟ್.

ಕಳೆದ ವಾರ ನಾನು ಒಂದೇ ಒಂದು ಮಾತು ಹೇಳಿದ್ದೆ. ಗಂಡ ಹೆಂಡತಿ ಮಾತು ಬಿಟ್ಟಾಗ ಮಕ್ಕಳ ಕೈಲಿ ಮಾತು ಕಳಿಸಬೇಡಿ ಅಂತ. ಅಷ್ಟೇ. ಅದರ ಕೆಳಗೆ ಯಜಮಾನರೊಬ್ಬರು ಬರೆದಿದ್ದಾರೆ: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಇದಕ್ಕೆಲ್ಲ ಮಕ್ಕಳ ಮನಸ್ಸು, ಡಿಪ್ರೆಶನ್ ಅಂತ ಸುಮ್ನೆ ದೊಡ್ಡದು ಮಾಡಬೇಡಿ." ಅದಕ್ಕೆ ನೂರಾರು ಲೈಕು. ನನ್ನ ವಿಡಿಯೋಗೆ ಬಂದಿದ್ದಕ್ಕಿಂತ ಜಾಸ್ತಿ! ಹೊಟ್ಟೆ ಉರಿಯುತ್ತೆ ಅಲ್ವಾ?

ಗಾದೆ ಚೆನ್ನಾಗಿದೆ ಯಜಮಾನರೇ. ಆದರೆ ಅರ್ಥ ನೋಡಿ. ಉಂಡು ಮಲಗೋ ತನಕ ಅಂದರೆ ಹೆಚ್ಚೆಂದರೆ ರಾತ್ರಿ ಹತ್ತೂವರೆ. ನಿಮ್ಮದು ಯುಗಾದಿಗೆ ಶುರುವಾಗಿದ್ದು, ಗೌರಿ ಹಬ್ಬ ಬಂದರೂ ಮುಗಿದಿಲ್ಲ. ಅಷ್ಟರಲ್ಲಿ ಎಷ್ಟು ಸಲ ಉಂಡಿರಿ, ಎಷ್ಟು ಸಲ ಮಲಗಿದಿರಿ? ಮತ್ತೆ ಇನ್ನೊಂದು ಗಾದೆಯೂ ಇದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಅದು ಮಾತ್ರ ಯಾಕೆ ನೆನಪಾಗುವುದಿಲ್ಲ?

ಅಪ್ಪ ಅಮ್ಮನ ನಡುವೆ ಮಾತು ಹೊರುವ ಕೆಲಸದಲ್ಲಿ ನನಗೆ ಅನುಭವ ಇದೆ. ಆಗ ನಾನು ಎಂಟನೇ ಕ್ಲಾಸು. ಅಪ್ಪ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದರು. ಯಾವುದೋ ಮದುವೆಗೆ ಕೊಟ್ಟ ಮುಯ್ಯಿಯ ವಿಷಯಕ್ಕೆ ಅಪ್ಪ ಅಮ್ಮ ಮಾತು ಬಿಟ್ಟರು. ಸುಮಾರು ಐದು ತಿಂಗಳು. ಮನೆಯಲ್ಲಿ ಇದ್ದಿದ್ದು ಒಂದು ಹಾಲು, ಒಂದು ರೂಮು. ಇಬ್ಬರ ನಡುವೆ ನಾಲ್ಕು ಅಡಿ. ಆ ನಾಲ್ಕು ಅಡಿಗೆ ನಾನು ಬೇಕು! "ನಿಮ್ಮಪ್ಪನಿಗೆ ಊಟ ಬೇಕಾ ಕೇಳು." ಅಪ್ಪನಿಗೆ ಕೇಳಿಸಿದೆ. ಆದರೂ ನಾನು ತಿರುಗಿ ಹೇಳಬೇಕು. "ಹಸಿವಿಲ್ಲ ಅಂತ ಹೇಳು." ಅಮ್ಮನಿಗೂ ಕೇಳಿಸಿದೆ. ಮತ್ತೆ ಹೇಳಬೇಕು. ಇದೇನು ಡಬ್ಬಿಂಗ್ ಸಿನಿಮಾನಾ?

ಆಮೇಲೆ ನಾನು ಚಾಲಾಕಿಯಾದೆ. "ಅವರ ತಲೆ ತಿನ್ನಲಿ" ಅಂತ ಅಮ್ಮ ಅಂದರೆ, "ಸಾರು ಬಿಸಿ ಮಾಡಲಾ ಅಂತ ಕೇಳ್ತಿದ್ದಾರೆ" ಅಂತ ಅಪ್ಪನಿಗೆ ಹೇಳುತ್ತಿದ್ದೆ. ನೀವು ನಗುತ್ತೀರಿ, ನಾನೂ ಈಗ ನಗುತ್ತೇನೆ. ಆಗ ಮಾತ್ರ ಭಾನುವಾರ ಬೆಳಗಾದರೆ ಸಾಕು, ಹೊಟ್ಟೆ ನೋವು. ಯಾಕೆಂದರೆ ಭಾನುವಾರ ಅಪ್ಪನಿಗೆ ರೈಲಿಲ್ಲ. ಜಂತುಹುಳದ ಮಾತ್ರೆ ಕೊಟ್ಟರು, ಓಂಕಾಳು ಕಷಾಯ ಕುಡಿಸಿದರು, ದೃಷ್ಟಿ ತೆಗೆದರು. ಹುಳ ಹೊಟ್ಟೆಯಲ್ಲಿದ್ದರೆ ತಾನೇ ಹೋಗುವುದು!

ಈಗ ಅಮೆರಿಕದ ಮರ್ರೆ ಬೋವೆನ್ ಎಂಬ ಮನೋವೈದ್ಯರ ವಿಷಯಕ್ಕೆ ಬರುತ್ತೇನೆ. ಹೌದು, ಓದಿಕೊಂಡೇ ಬಂದಿದ್ದೇನೆ. ಅವರು ಇದನ್ನು ತ್ರಿಕೋನ ಅಂದರು. ಇಬ್ಬರ ನಡುವೆ ಬಿಸಿ ಜಾಸ್ತಿಯಾದಾಗ ಮೂರನೆಯವರನ್ನು ಮಧ್ಯಕ್ಕೆ ಎಳೆದುಕೊಂಡರೆ ಇಬ್ಬರಿಗೂ ಸ್ವಲ್ಪ ಹಾಯಾಗುತ್ತದೆ. ಬಿಸಿ ಎಲ್ಲಿಗೆ ಹೋಯಿತು? ಮೂರನೆಯವರ ತಲೆ ಮೇಲೆ. ಮನೆಯಲ್ಲಿ ಮೂರನೆಯವರು ಯಾರು? ಎಸ್ಸೆಸ್ಸೆಲ್ಸಿ ಓದುತ್ತಿರುವ ನಿಮ್ಮ ಮಗಳು.

"ಹಾಗಾದರೆ ಜಗಳಾನೇ ಆಡಬಾರದಾ?" ಅಂತ ಒಬ್ಬ ಅಕ್ಕ ಕೇಳಿದ್ದಾರೆ. ಆಡಿ ಅಕ್ಕಾ, ಚೆನ್ನಾಗಿ ಆಡಿ. ಜಗಳವಿಲ್ಲದ ಮನೆಯನ್ನು ನಾನು ಧಾರಾವಾಹಿಯಲ್ಲೂ ನೋಡಿಲ್ಲ. ಮಾರ್ಕ್ ಕಮಿಂಗ್ಸ್ ಎಂಬ ಸಂಶೋಧಕರು ವರ್ಷಗಟ್ಟಲೆ ಇದನ್ನೇ ನೋಡಿದ್ದಾರೆ. ಅಪ್ಪ ಅಮ್ಮ ಜಗಳ ಆಡಿ, ಮಕ್ಕಳ ಕಣ್ಣ ಮುಂದೆಯೇ ರಾಜಿಯಾದರೆ ಮಕ್ಕಳಿಗೆ ಅಷ್ಟು ತೊಂದರೆಯಿಲ್ಲ. ಬಗೆಹರಿಯದೆ ಉಳಿದಿದ್ದು, ಮುಖ ಗಂಟಿಕ್ಕಿಕೊಂಡು ಓಡಾಡುವುದು, ಅದು ಕಷ್ಟ. ಜಗಳ ನಿಮ್ಮದು, ನೀವೇ ಆಡಿ. ಅದಕ್ಕೆ ಕೊರಿಯರ್ ಯಾಕೆ?

ಲೆಕ್ಕ ಬೇಕು ಅನ್ನುವವರಿಗೆ ಲೆಕ್ಕ. ಬರೆದುಕೊಂಡಿದ್ದ ಚೀಟಿ ಎಲ್ಲಿ... ಹಾಂ. 10ರಿಂದ 19 ವರ್ಷದ ಏಳು ಮಕ್ಕಳಲ್ಲಿ ಒಬ್ಬರಿಗೆ ಏನಾದರೊಂದು ಮಾನಸಿಕ ತೊಂದರೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3. ಅಂದರೆ ಅರವತ್ತು ಮಕ್ಕಳ ಕ್ಲಾಸಿನಲ್ಲಿ ನಾಲ್ಕು ಜನ. ಎಲ್ಲಾ ಮನೆ ಜಗಳದಿಂದಲೇ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನಿಜವಾದ ಡಾಕ್ಟರು ಬಂದು ಬಯ್ಯುತ್ತಾರೆ. ಆದರೆ ಆ ವಯಸ್ಸಿನಲ್ಲಿ ದುಃಖ ದುಃಖದ ಹಾಗೇ ಕಾಣಿಸುವುದಿಲ್ಲ. ಸಿಡುಕು ಆಗುತ್ತದೆ, ತಲೆನೋವಾಗುತ್ತದೆ, ನಿದ್ದೆ ಕೆಡುತ್ತದೆ, ಮಾರ್ಕ್ಸ್ ಇಳಿಯುತ್ತದೆ. ನಾವು ಅದಕ್ಕೆ "ಕೊಬ್ಬು" ಅಂತ ಹೆಸರಿಡುತ್ತೇವೆ.

"ಎಲ್ಲಾ ಮೊಬೈಲಿಂದ" ಅಂತ ಬರೆದವರು ಐವತ್ತು ಜನ. ಯಾವುದರಿಂದ ಬರೆದಿರಿ ಸ್ವಾಮಿ, ಟೈಪ್‌ರೈಟರಿಂದಲಾ?

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅನ್ನುವವರೂ ಇದ್ದಾರೆ. ಇತ್ತು. ಆದರೆ ಆಗ ಮಾತು ಹೊರುತ್ತಿದ್ದವಳು ಅಜ್ಜಿ. ಅಜ್ಜಿಗೆ ಅದೇ ಟೈಂಪಾಸು. ಅವಳು ಅರ್ಧ ಹೇಳಿ, ಅರ್ಧ ನುಂಗಿ, ಕೊನೆಗೆ ಇಬ್ಬರಿಗೂ ಬಯ್ದು ಊಟಕ್ಕೆ ಕೂರಿಸುತ್ತಿದ್ದಳು. ಸೋದರಮಾವ ಪಾವಗಡದಿಂದ ಬಸ್ಸು ಹತ್ತಿ ಬಂದು ಪಂಚಾಯ್ತಿ ಮಾಡುತ್ತಿದ್ದ. ಈಗ ಮೂರನೇ ಮಹಡಿಯ ಬಾಡಿಗೆ ಮನೆ. ಇಬ್ಬರು ದೊಡ್ಡವರು, ಒಂದು ಮಗು. ಅಜ್ಜಿ ಕೆಲಸ, ಮಾವನ ಕೆಲಸ, ಎಲ್ಲಾ ಆ ಒಂದು ಜೀವಕ್ಕೆ. ಅದರ ಮೇಲೆ ಟ್ಯೂಷನ್ ಬೇರೆ.

ಮಾವ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಅತ್ತಿಗೆ ಮಾಡುವ ಹುಚ್ಚೆಳ್ಳು ಚಟ್ನಿಪುಡಿಯ ವಿವರ ವಿಡಿಯೋದ ಕೆಳಗೆ ಹಾಕಿದ್ದೇನೆ. ಜಾಹೀರಾತು ಅಂದುಕೊಳ್ಳಿ, ಪ್ರೀತಿ ಅಂದುಕೊಳ್ಳಿ, ಕಾಲು ಕೆಜಿಗೆ ಕಡಿಮೆ ಕಳಿಸುವುದಿಲ್ಲ. ಸಬ್‌ಸ್ಕ್ರೈಬ್ ಆಗದವರು ಆಗಿ. ಗಂಟೆ ಒತ್ತಿ.

ಎಲ್ಲಿದ್ದೆ? ಹಾಂ, ಮಗು. ನಾನೇನೂ ಸಾಚಾ ಅಲ್ಲ. ಮೊನ್ನೆ ಗ್ಯಾಸ್ ಬುಕ್ ಮಾಡುವ ವಿಷಯಕ್ಕೆ ಮನೆಯವಳ ಮೇಲೆ ಮುನಿಸಿಕೊಂಡು, ಮಗಳಿಗೆ "ನಿಮ್ಮಮ್ಮನಿಗೆ ಹೇಳು" ಅಂದೆ. ಬಾಯಿಂದ ಬಂದೇಬಿಟ್ಟಿತು. ಅವಳು ಪುಸ್ತಕದಿಂದ ತಲೆ ಎತ್ತದೆ, "ವಿಡಿಯೋ ಮಾಡಿ ಹಾಕು ಅಪ್ಪಾ, ನೋಡ್ತಾರೆ" ಅಂದಳು. ನಾನೇ ಎದ್ದು ಅಡುಗೆಮನೆಗೆ ಹೋದೆ. ಒಂಬತ್ತು ಹೆಜ್ಜೆ. ಎಣಿಸಿದ್ದೇನೆ.

ಒಂಬತ್ತು ಹೆಜ್ಜೆ ಯಜಮಾನರೇ! ಸಿದ್ಧಗಂಗೆ ಬೆಟ್ಟ ಹತ್ತುತ್ತೀರಿ, ದೇವರಾಯನದುರ್ಗಕ್ಕೆ ಹೋಗಿ ನಾಮದ ಚಿಲುಮೆ ನೋಡಿ ಬರುತ್ತೀರಿ, ಅಮಾನಿಕೆರೆ ಸುತ್ತ ವಾಕಿಂಗ್ ಮಾಡುತ್ತೀರಿ. ಹಾಲಿನಿಂದ ಅಡುಗೆಮನೆಗೆ ಹೋಗಲು ಮಾತ್ರ ಕಾಲು ನೋವಾ? ಮಗುವನ್ನು ಕಳಿಸಬೇಕಾ?

ಈಗಾಗಲೇ ಮಗು ಸುಸ್ತಾಗಿದೆ, ಮಾತಾಡುತ್ತಿಲ್ಲ, ಊಟ ಬಿಟ್ಟಿದೆ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. "ಸತ್ತು ಹೋಗಬೇಕು" ಅನ್ನುವಂಥ ಮಾತೇನಾದರೂ ಮಗುವಿನ ಬಾಯಲ್ಲಿ ಬಂದರೆ ಫೋನಿಗೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. ಅದರ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಇಡೀ ದೇಶ ನಮ್ಮನ್ನು ನೋಡಿ ಕಲಿತಿದ್ದು. ನಾವು ಮಾತ್ರ "ನಾಲ್ಕು ಜನ ಏನಂತಾರೆ" ಅಂತ ಕೂತಿದ್ದೇವೆ. ಆ ನಾಲ್ಕು ಜನ ಯಾರು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನನ್ನ ಹತ್ತಿರ ಇನ್ನೂ ಮೂರು ಕಾರಣ ಬರೆದಿಟ್ಟಿದ್ದೆ. ಎರಡನೆಯದರ ಮೇಲೆ ಕಾಫಿ ಚೆಲ್ಲಿದೆ. ಬಿಡಿ. ಕಾರಣ ಎಷ್ಟು ಬೇಕು? ಮಗುವಿನ ಕೈಲಿ ಹೇಳಿಸಬೇಡಿ. ಹೇಳಿಸಬೇಡಿ ಅಂದರೆ ಹೇಳಿಸಬೇಡಿ! ವಾಟ್ಸಾಪ್ ಮಾಡಿ, ಫ್ರಿಜ್ ಮೇಲೆ ಚೀಟಿ ಅಂಟಿಸಿ, ಬೇಕಾದರೆ ಗೋಡೆಗೆ ಹೇಳಿ.

ನೂರಾರು ಲೈಕಿನ ಯಜಮಾನರೇ, ಕ್ಯಾತ್ಸಂದ್ರಕ್ಕೆ ಬನ್ನಿ, ತಟ್ಟೆ ಇಡ್ಲಿ ನಾನು ಕೊಡಿಸುತ್ತೇನೆ. ಬರುವ ವಿಷಯವನ್ನು ಮನೆಯಲ್ಲಿ ನೀವೇ ಹೇಳಿ ಬನ್ನಿ. ಮಗನ ಕೈಲಿ ಹೇಳಿಸಿದ್ದು ಗೊತ್ತಾದರೆ ಬಿಲ್ ನಿಮ್ಮದು.