ಎಲ್ಲಿ ಬಿತ್ತು, ಯಾಕೆ ಬಿತ್ತು

ಕೇಳುಗರಿಗೆ ನಮಸ್ಕಾರ.

ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟುತ್ತಾ ಇರುತ್ತೀರಿ. ಮೊತ್ತ ಹಾಕಿದ್ದಾಯಿತು, ಬಟನ್ ಒತ್ತಿದ್ದಾಯಿತು. ಇದ್ದಕ್ಕಿದ್ದಂತೆ ಆಪ್ ಮಾಯ. ಕಣ್ಣೆದುರು ಬರೀ ಹೋಮ್ ಸ್ಕ್ರೀನು. ಇದಕ್ಕೆ ನಮ್ಮ ಕಡೆಯವರು ಕ್ರ್ಯಾಶ್ ಅನ್ನುತ್ತೇವೆ. ನೀವು ಏನನ್ನುತ್ತೀರಿ ಅಂತಲೂ ಗೊತ್ತು, ಆದರೆ ಅದು ಬಾನುಲಿಯಲ್ಲಿ ಹೇಳುವಂಥದ್ದಲ್ಲ.

ನಾನು ಆಪ್ ಬರೆದು ಹೊಟ್ಟೆ ಹೊರೆಯುವವನು. ನಿಮ್ಮ ಫೋನಿನಲ್ಲಿ ಆಪ್ ಬಿದ್ದದ್ದು ನನಗೆ ಹೇಗೆ ಗೊತ್ತಾಗುತ್ತದೆ? ನೀವಂತೂ ಫೋನ್ ಮಾಡಿ ಹೇಳುವುದಿಲ್ಲ. ಜಾಸ್ತಿ ಅಂದರೆ ಒಂದು ಸ್ಟಾರ್ ಕೊಟ್ಟು 'ವೇಸ್ಟ್ ಆಪ್' ಅಂತ ಬರೆಯುತ್ತೀರಿ. ಅದಕ್ಕೇ ಆಪ್ ಒಳಗೆ ಒಬ್ಬ ಗುಮಾಸ್ತನನ್ನು ಕೂರಿಸಿರುತ್ತೇವೆ. ಆಪ್ ಸಾಯುವ ಗಳಿಗೆಯಲ್ಲಿ ಅವನು ಒಂದು ಚೀಟಿ ಬರೆದಿಡುತ್ತಾನೆ. ಯಾವ ಫೋನು, ಆಂಡ್ರಾಯ್ಡ್ ಎಷ್ಟನೆಯದು, ಮೆಮೊರಿ ಎಷ್ಟು ಉಳಿದಿತ್ತು. ಜೊತೆಗೆ ಕೋಡಿನ ಯಾವ ಭಾಗ ಯಾವುದನ್ನು ಕರೆಯಿತು ಅನ್ನುವ ಒಂದು ವಂಶಾವಳಿ: ಅಜ್ಜ ಅಪ್ಪನನ್ನು ಕರೆದ, ಅಪ್ಪ ಮಗನನ್ನು ಕರೆದ, ಮಗ ಕೋಡಿನ 212ನೇ ಸಾಲಿನಲ್ಲಿ ಎಡವಿ ಬಿದ್ದ. ಇದಕ್ಕೆ ಸ್ಟ್ಯಾಕ್ ಟ್ರೇಸ್ ಅಂತ ಹೆಸರು.

ಆದರೆ ಸತ್ತ ಆಪ್ ಚೀಟಿ ಕಳಿಸುವುದು ಹೇಗೆ? ಸಾಮಾನ್ಯವಾಗಿ ಅದು ಫೋನಿನಲ್ಲೇ ಕೂತಿರುತ್ತದೆ. ಮುಂದಿನ ಸಲ ನೀವು ಆಪ್ ತೆರೆದಾಗ ನಮಗೆ ಬರುತ್ತದೆ. ಸಿಟ್ಟಿನಲ್ಲಿ ಅಲ್ಲೇ ಅನ್‌ಇನ್‌ಸ್ಟಾಲ್ ಮಾಡಿದಿರೋ, ಚೀಟಿಯೂ ಅದರ ಜೊತೆಗೇ ಹೋಯಿತು. ಅಂದರೆ ಯಾರಿಗೆ ಹೆಚ್ಚು ಬೇಜಾರಾಗಿದೆಯೋ ಅವರ ದೂರೇ ನಮಗೆ ಮುಟ್ಟುವುದಿಲ್ಲ. ಗುಮಾಸ್ತ ಕುರ್ಚಿಯಲ್ಲಿ ಕೂರುವ ಮೊದಲೇ ಆಪ್ ಬಿದ್ದರೆ ಚೀಟಿ ಬರೆಯುವವರೇ ಇರುವುದಿಲ್ಲ.

ಈ ಕೆಲಸಕ್ಕೆ ಹೆಸರಾದದ್ದು ಕ್ರ್ಯಾಶ್‌ಲಿಟಿಕ್ಸ್. 2011ರಲ್ಲಿ ಅಮೆರಿಕದ ಬಾಸ್ಟನ್ ಕಡೆ ಹುಟ್ಟಿತು. 2013ರಲ್ಲಿ ಟ್ವಿಟರ್ ಕೊಂಡಿತು, 2017ರಲ್ಲಿ ಗೂಗಲ್ ಪಾಲಾಯಿತು. ಇದಲ್ಲದೆ ಪ್ಲೇ ಸ್ಟೋರ್ ತನ್ನದೇ ಲೆಕ್ಕ ಇಡುತ್ತದೆ. ದಿನವೂ ಆಪ್ ಬಳಸುವವರಲ್ಲಿ ಶೇಕಡಾ 1.09ಕ್ಕಿಂತ ಜಾಸ್ತಿ ಜನರಿಗೆ ಕಣ್ಣೆದುರೇ ಕ್ರ್ಯಾಶ್ ಆದರೆ, ಸ್ಟೋರಿನಲ್ಲಿ ಆ ಆಪ್ ಹಿಂದಿನ ಬೆಂಚಿಗೆ ಹೋಗಬಹುದು. ಗೂಗಲ್ ಮೇಷ್ಟ್ರು ಈ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು. ಇರಲಿ, ತಪ್ಪಲ್ಲ.

ಈಗ ನನ್ನ ಮಾನ ಹೋದ ಕಥೆಗೆ ಬರುತ್ತೇನೆ.

ಹಾಲಿನ ಲೆಕ್ಕ ಇಡುವ ಒಂದು ಚಿಕ್ಕ ಆಪ್ ಮಾಡಿದ್ದೆ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ತಿಂಗಳ ಕೊನೆಗೆ ದುಡ್ಡು ಎಷ್ಟು, ಅಷ್ಟೇ. ಚೆನ್ನಾಗಿಯೇ ಓಡುತ್ತಿತ್ತು. ಒಂದು ದಿನ ಚೀಟಿಗಳು ಬರಲು ಶುರುವಾದವು. ಎಲ್ಲದರಲ್ಲೂ ಆಪ್ ಬಿದ್ದದ್ದು ಕೋಡಿನ ಒಂದೇ ಸಾಲಿನಲ್ಲಿ. ಲೀಟರಿನ ಅಂಕಿ ಓದುವ ಸಾಲು. ನನ್ನ ಫೋನಿನಲ್ಲಿ 2.5 ಅಂತ ಹಾಕಿದೆ. ಸಲೀಸಾಗಿ ಓಡಿತು. ಹೆಂಡತಿಯ ಫೋನು, ತಮ್ಮನ ಫೋನು, ಎಲ್ಲದರಲ್ಲೂ ಓಡಿತು. ದೂರು ಬರೆದಿಡುವ ಪುಟಕ್ಕೆ ನಾವು ಟಿಕೆಟ್ ಅನ್ನುತ್ತೇವೆ. ಅದನ್ನು ತೆರೆದು 'ನನ್ನ ಹತ್ತಿರ ಸರಿಯಾಗಿದೆ' ಅಂತ ಬರೆದು ಮುಚ್ಚಿಬಿಟ್ಟೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಹಳೆಯ ಪಾಪ ಇಲ್ಲ. ಇಂಥ ದೂರುಗಳ ಲೆಕ್ಕ ಇಡಲು 1998ರಲ್ಲಿ ಬಂದ ಬಗ್‌ಜಿಲಾ ಅನ್ನುವ ತಂತ್ರಾಂಶದಲ್ಲಿ 'ವರ್ಕ್ಸ್ ಫಾರ್ ಮಿ' ಅಂತ ಹೇಳಿ ದೂರು ಮುಚ್ಚಲು ಒಂದು ಆಯ್ಕೆಯೇ ಇತ್ತು!

ಟಿಕೆಟ್ ಮುಚ್ಚಿದರೆ ಆಪ್ ಬೀಳುವುದು ನಿಲ್ಲುತ್ತದಾ? ವಾರದ ಮೇಲೆ ನಿಪ್ಪಾಣಿ ಕಡೆಯಿಂದ ಒಬ್ಬರು ಫೋನ್ ಮಾಡಿದರು. "ಎರಡೂವರಿ ಅಂತ ಹೊಡದ್ರ ಬಂದ್ ಆಗ್ತೈತ್ರೀ. ಬರೇ ಎರಡ ಅಂತ ಹೊಡದ್ರೂ ಬಂದ್ ಆಗ್ತೈತಿ." ಯಾವ ಬಟನ್, ಯಾವ ಪರದೆ ಅಂತೆಲ್ಲ ಕೇಳಿದೆ. ಕೊನೆಗೆ ಅವರು ತಮ್ಮ ಫೋನಿನ ಫೋಟೋ ತೆಗೆದು ಕಳಿಸಿದರು. ಆಪಿನದಲ್ಲ, ಹೋಮ್ ಸ್ಕ್ರೀನಿನದು. ಅದರ ಗಡಿಯಾರ ನೋಡಿ ಕುರ್ಚಿಯಿಂದ ಎದ್ದು ನಿಂತೆ. ಗಂಟೆ, ನಿಮಿಷ ಎಲ್ಲ ದೇವನಾಗರಿ ಅಂಕಿಗಳಲ್ಲಿ ಇದ್ದವು. ಅವರ ಫೋನಿನ ಭಾಷೆ ಮರಾಠಿ.

ಆಗಿದ್ದು ಇಷ್ಟು. ಅವರು ಹಾಕಿದ ಅಂಕಿಯನ್ನು ನನ್ನ ಆಪ್ ಎರಡು ದಶಾಂಶ ಸ್ಥಾನಕ್ಕೆ ಸರಿಮಾಡಿ ಬರೆಯುತ್ತಿತ್ತು. ಯಾವ ಲಿಪಿಯಲ್ಲಿ ಬರೆಯಬೇಕು ಅಂತ ನಾನು ಹೇಳಿರಲಿಲ್ಲ. ಹಾಗಾಗಿ ಆಂಡ್ರಾಯ್ಡ್ ಫೋನಿನ ಭಾಷೆ ನೋಡಿ ದೇವನಾಗರಿಯಲ್ಲಿ ಬರೆಯಿತು. ಮುಂದಿನ ಸಾಲು ಅದನ್ನೇ ತಿರುಗಿ ಓದಬೇಕು. ಆಪ್ ಬರೆದದ್ದು ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ದಶಾಂಶ ಓದುವ ಆ ಜಾವಾ ಸಾಲಿಗೆ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿ ಬಿಟ್ಟರೆ ಬೇರೆ ಗೊತ್ತಿಲ್ಲ. ಬರೆದವರು ಒಬ್ಬರು, ಓದುವವರು ಇನ್ನೊಬ್ಬರು, ಮಧ್ಯೆ ಆಪ್ ಢಮಾರ್. ಫೋನನ್ನು ಕನ್ನಡದಲ್ಲಿ ಇಟ್ಟರೆ ಅಂಕಿಗಳು ಸಾಮಾನ್ಯವಾಗಿ ಇಂಗ್ಲಿಷಿನವೇ ಇರುತ್ತವೆ. ಅದಕ್ಕೇ ನಮ್ಮ ಮನೆಯ ಯಾವ ಫೋನಿನಲ್ಲೂ ಇದು ಸಿಗಲಿಲ್ಲ.

ಚೀಟಿಯಲ್ಲಿ ಇದು ಯಾಕೆ ಇರಲಿಲ್ಲ ಅಂತ ಕೇಳಬಹುದು. ಇರಬೇಕಿತ್ತು. ಯಾವ ಅಂಕಿ ಓದಲಾಗಲಿಲ್ಲ ಅಂತ ಜಾವಾ ತಾನೇ ಹೇಳುತ್ತದೆ. ಆದರೆ ನಾನು ಬುದ್ಧಿವಂತಿಕೆ ಮಾಡಿ, ಆ ದೂರನ್ನು ಮಧ್ಯದಲ್ಲೇ ಹಿಡಿದು, ಹರಿದು ಹಾಕಿ, 'ಲೀಟರ್ ಸರಿಯಿಲ್ಲ' ಅನ್ನುವ ನನ್ನದೇ ಚೀಟಿ ಅಂಟಿಸಿದ್ದೆ. ಎಲ್ಲಿ ಬಿತ್ತು ಅನ್ನುವುದು ಉಳಿಯಿತು, ಯಾಕೆ ಅನ್ನುವುದು ಹೋಯಿತು. ಆ ಯಾಕೆ ಗೊತ್ತಾಗಲು ನಿಪ್ಪಾಣಿಯ ಗಡಿಯಾರವೇ ಬೇಕಾಯಿತು.

ಲಿಪಿಗಳ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ, ನಾನೊಬ್ಬನೇ ಅಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು 'ಜ್ಞಾ' ಐಫೋನುಗಳನ್ನು ಕೆಡವಿತು. ಆ ಒತ್ತಕ್ಷರ ಮತ್ತು ದೀರ್ಘದ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಂಡಿತ್ತು. ನಾವು ಕನ್ನಡ ಟೈಪ್ ಮಾಡುವಾಗ ಒತ್ತು ಬೀಳದಿರಲಿ ಅಂತ ಬಳಸುತ್ತೇವಲ್ಲ, ಅದೇ ಗುರುತು. ಮೆಸೇಜಿನಲ್ಲಿ ಅದು ಬಂದರೆ ಮೆಸೇಜ್ ಆಪ್ ಬಿತ್ತು. ನೋಟಿಫಿಕೇಶನ್ನಿನಲ್ಲಿ ಬಂದರೆ ಹೋಮ್ ಸ್ಕ್ರೀನೇ ಬಿತ್ತು. ಆಪಲ್ ಐಫೋನಿನ ತಂತ್ರಾಂಶ ಐಒಎಸ್‌ನ 11.2.6 ಆವೃತ್ತಿ ಹೊರತಂದು ಸರಿಮಾಡಿತು. ತೆಲುಗು ನಮ್ಮ ಲಿಪಿಯ ಅಕ್ಕನೋ ತಂಗಿಯೋ. ಸುದ್ದಿ ಓದಿದ ದಿನ ನಾನು 'ವಿಜ್ಞಾನ' ಅಂತ ಟೈಪ್ ಮಾಡಲೂ ಸ್ವಲ್ಪ ಹೆದರಿದ್ದೆ.

ಈಗ ನನ್ನ ಟಿಕೆಟ್ಟಿನಲ್ಲಿ 'ಓಡ್ತಿಲ್ಲ' ಅಂತ ಬರೆದರೆ ನಾನು ಒಪ್ಪುವುದಿಲ್ಲ. ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಫೋನಿನ ಭಾಷೆ ಯಾವುದು, ಇಷ್ಟು ಬೇಕು. ಹೆಸರು, ನಂಬರು ಬೇಡ. ಚೀಟಿಯಲ್ಲಿ ಅವು ಸೇರಲೂ ಬಾರದು. ಬಗ್ ಹುಡುಕಲು ಯಾರ ಮನೆಯ ಲೆಕ್ಕವೂ ನನಗೆ ಬೇಕಾಗಿಲ್ಲ.

ರಿಪೇರಿಗೆ ಹಿಡಿದದ್ದು ಎರಡೇ ನಿಮಿಷ. ಆ ಸಾಲಿನಲ್ಲಿ ಇಂಗ್ಲಿಷ್ ಅಂಕಿಯಲ್ಲೇ ಬರಿ ಅಂತ ಒಂದು ಪದ ಸೇರಿಸಿದೆ. ಇದೇ ತಪ್ಪು ಬೇರೆಲ್ಲಾದರೂ ಇದೆಯಾ ಅಂತ ಹುಡುಕಿದರೆ ಇನ್ನೂ 11 ಕಡೆ ಸಿಕ್ಕಿತು. ಹೊಸ ಆವೃತ್ತಿ ಬಿಟ್ಟ ಮೇಲೆ ಚೀಟಿಗಳು ಕಡಿಮೆಯಾದವು, ಪೂರ್ತಿ ನಿಂತಿಲ್ಲ. ಈಗಲೂ ಹಳೇ ಆವೃತ್ತಿಯಿಂದ ಆಗೊಂದು ಈಗೊಂದು ಬರುತ್ತದೆ. ಯಾರೋ ಒಬ್ಬರು ಬೆಳಿಗ್ಗೆ ಹಾಲಿನ ಲೆಕ್ಕ ಬರೆಯುತ್ತಾರೆ, ಆಪ್ ಬೀಳುತ್ತದೆ, ಮತ್ತೆ ತೆರೆಯುತ್ತಾರೆ. ಅವರು ಈಗ ಇದನ್ನು ಕೇಳುತ್ತಿದ್ದರೆ ದಯವಿಟ್ಟು ಒಂದ್ಸಲ ಅಪ್‌ಡೇಟ್ ಒತ್ತಿಬಿಡಿ. ನಮಸ್ಕಾರ.