ಟೈಮ್‌ಔಟ್ ಬಂತಂದ್ರ ರೊಕ್ಕ ಹೋಗಿಲ್ಲ ಅಂತಲ್ರೀ

ನಮಸ್ಕಾರ್ರೀ. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿ ಜರ್ಮನಿಯಿಂದ ಮಷೀನಿನ ಸ್ಪೇರ್ ತರಿಸೇತಿ, 18,400 ಯೂರೋ ಕಳಸೂದೈತಿ ಅಂತ ತಿಳ್ಕೋರಿ. ಇಆರ್‌ಪಿಯಿಂದ (ಕಂಪನಿ ಲೆಕ್ಕಪತ್ರದ ಸಾಫ್ಟ್‌ವೇರ್) ಬ್ಯಾಂಕಿನ ಎಪಿಐಗೆ (ಸಾಫ್ಟ್‌ವೇರ್ ನೇರ ಬ್ಯಾಂಕಿನ ಜೋಡಿ ಮಾತಾಡೂ ದಾರಿ) ಪೇಮೆಂಟ್ ಹೋತು. 30 ಸೆಕೆಂಡ್ ಆತು, ಉತ್ತರ ಇಲ್ಲ. ಟೈಮ್‌ಔಟ್. ಬಾಳ ಮಂದಿ ಬರದ ಕೋಡ್ ಇಲ್ಲೇ ದಾರಿ ತಪ್ಪತೈತಿ: ಹೊಸಾ ಐಡಿ ಹುಟ್ಟಿಸಿ ಮತ್ತೊಮ್ಮೆ ಕಳಸಿಬಿಡತೈತಿ.

ಟೈಮ್‌ಔಟ್ ಅಂದ್ರ ಹೋತೋ ಇಲ್ಲೋ ನಮಗ ಗೊತ್ತಾಗಲಿಲ್ಲ ಅಂತ, ಅಷ್ಟ. ಎರಡು ಸಲ ಹೋದ್ರ ರೀಕಾಲ್ (ರೊಕ್ಕ ವಾಪಸ್ ಕೇಳೂ ಮೆಸೇಜ್) ಹಾಕಬೇಕು. ಸ್ವಿಫ್ಟ್‌ನಾಗ (ದೇಶ ದೇಶದ ಬ್ಯಾಂಕುಗಳ ಮೆಸೇಜ್ ಜಾಲ) ಅದು ಬರೇ ವಿನಂತಿ, ಹುಕುಂ ಅಲ್ಲ. ಆ ಕಡೆ ಜಮಾ ಆಗಿಬಿಟ್ಟಿದ್ರ ಸಾಮಾನ್ಯವಾಗಿ ಖಾತೆದಾರ ಒಪ್ಪಬೇಕು, ಇಲ್ಲಂದ್ರ ತಿರುಗಿ ಬರೂದಿಲ್ಲ.

ಅದಕ್ಕ ಐಡಿ ಮೊದಲು, ಪೇಮೆಂಟ್ ಆಮ್ಯಾಲೆ. ಎಂಡ್-ಟು-ಎಂಡ್ ಐಡಿಗೆ (ಕಳಸೂವರಿಂದ ಪಡಿಯೂವರ ತನಕ ಪೇಮೆಂಟಿನ ಜೋಡಿ ಹೋಗೂ ಗುರುತು) 35 ಅಕ್ಷರ ಜಾಗಾ ಐತಿ. ಇನ್ವಾಯ್ಸ್ ನಂಬರಿನಿಂದನ ಕಟ್ಟಿ ಡೇಟಾಬೇಸಿನಾಗ ಕಮಿಟ್ ಮಾಡ್ರಿ (ಕಾಯಂ ಉಳಿಸ್ರಿ), ಆಮ್ಯಾಲೆ ಕಳಸ್ರಿ. ಉತ್ತರ ಬರಲಿಲ್ಲಂದ್ರ ಅದ ಐಡಿ ಹಿಡದು ಸ್ಟೇಟಸ್ ಕೇಳ್ರಿ. ಇಂಥಾದ್ದು ಬಂದಿಲ್ಲ ಅಂತ ಬ್ಯಾಂಕ್ ಹೇಳಿದ್ರೂ ಮತ್ತ ಅದ ಐಡಿಲೇ ಕಳಸ್ರಿ. ಬ್ಯಾಂಕು ಡೂಪ್ಲಿಕೇಟ್ ಹಿಡಿಯೂದು ಮೆಸೇಜ್ ಐಡಿ (ಕಳಸಿದ ಇಡೀ ಫೈಲಿನ ಗುರುತು) ಮ್ಯಾಲೋ, ಎಂಡ್-ಟು-ಎಂಡ್ ಐಡಿ ಮ್ಯಾಲೋ, ಎಷ್ಟು ದಿನದ ತನಕ? ಬ್ಯಾಂಕಿನಿಂದ ಇದನ್ನ ಬರಹದಾಗ ತಗೋರಿ. ಇದು ಗೊತ್ತಿಲ್ದ ಲೈವ್ ಹೋಗೂದು ನನಗಂತೂ ಒಪ್ಪಿಗಿಲ್ಲ.

ಇನ್ನ ಸ್ಟೇಟಸ್. ಪೇನ್.002 ಫೈಲಿನಾಗ (ಬ್ಯಾಂಕ್ ಕಳಸೂ ಸ್ಟೇಟಸ್ ವರದಿ) ಎಸಿಸಿಪಿ ಅನ್ನೂ ಕೋಡ್ ಬಂದ ಕೂಡ್ಲೇ ಖಾತೆಪುಸ್ತಕದಾಗ ಪೇಡ್ ಅಂತ ಬರೀಬ್ಯಾಡ್ರಿ. ಅದು ಬ್ಯಾಂಕಿನ ಮೊದಲಿನ ಪರೀಕ್ಷಾ ಪಾಸಾತು ಅಂತ, ಅಷ್ಟ. ಎಸಿಎಸ್‌ಪಿ ಅಂದ್ರ ಹಾದ್ಯಾಗೈತಿ. ಪಡಿಯೂವರ ಖಾತೆಗೆ ಬಿತ್ತು ಅನ್ನೂದು ಎಸಿಸಿಸಿ. ನಡುವ ಪಿಡಿಎನ್‌ಜಿ (ಇನ್ನೂ ಬಾಕಿ ಐತಿ) ಅಂತ ತಾಸುಗಟ್ಟಲೆ ನಿಂತ್ರ ಗಾಬರಿ ಬ್ಯಾಡ: ಎಪಿಐ ಇದ್ರೂ ಆಮದಿನ ಕಾಗದ ಬ್ಯಾಂಕಿನವ್ರು ನೋಡಬೇಕಲ್ರೀ. ಪರ್ಪಸ್ ಕೋಡ್ (ರೊಕ್ಕ ಯಾಕ ಹೊರದೇಶಕ್ಕ ಹೋಗತೈತಿ ಅಂತ ಹೇಳೂ ಕೋಡ್) ಸರಿ ಇರಲಿ. ಅಡ್ವಾನ್ಸ್ ಇದ್ರ ಎಸ್0101, ಬಂದ ಇನ್ವಾಯ್ಸಿಗೆ ಎಸ್0102.

ಜರ್ಮನಿ ಐಬ್ಯಾನ್ (ಅಂತರರಾಷ್ಟ್ರೀಯ ಖಾತೆ ನಂಬರ್) 22 ಅಕ್ಷರ. ಮೊದಲಿನ ನಾಕು ಅಕ್ಷರ ಕೊನಿಗೆ ಸರಸಿ, ಎ ಅಂದ್ರ 10, ಜಡ್ ಅಂದ್ರ 35 ಹಂಗ ಅಂಕಿ ಮಾಡಿ 97ರಿಂದ ಭಾಗಿಸಿದ್ರ 1 ಉಳೀಬೇಕು. ಕಳಸೂಕಿಂತ ಮೊದಲ ನೋಡ್ರಿ. ಇದು ಟೈಪಿಂಗ್ ತಪ್ಪು ಹಿಡೀತೈತಿ. ಖಾತೆ ಯಾರದು ಅಂತ ಹೇಳೂದಿಲ್ಲ. ಇಮೇಲಿನಾಗ ಹೊಸಾ ಖಾತೆ ನಂಬರ್ ಬಂದ್ರ ಫೋನ್ ಹಚ್ಚಿ ಕೇಳೂದ ಬೇಕು, ಅದೂ ಮೊದಲಿಂದ ನಮ್ಮ ಹತ್ರ ಇದ್ದ ಹಳೇ ಫೋನ್ ನಂಬರಿಗೆ.

ಶುಲ್ಕ ಎಸ್‌ಎಚ್‌ಎಆರ್ (ಎರಡೂ ಕಡೆ ಹಂಚಿಕೋಳೂದು) ಅಂತ ಹಾಕಿದ್ರ ನಡುವಿನ ಬ್ಯಾಂಕು ಮುರಕೋಬಹುದು, ಇನ್ವಾಯ್ಸಿನಾಗ ಕಮ್ಮಿ ಬೀಳತೈತಿ. ಪೂರ್ತಿ ಮುಟ್ಟಬೇಕಂದ್ರ ಡಿಇಬಿಟಿ (ಶುಲ್ಕ ಎಲ್ಲಾ ಕಳಸೂವರದ). ವಿಳಾಸಾ ಒಂದ ಸಾಲಿನಾಗ ತುರುಕೂ ರೂಢಿ ಇದ್ರ ಈಗ ಬಿಡ್ರಿ: 2026ರ ನವೆಂಬರಿನಿಂದ ಊರು, ದೇಶ ಬ್ಯಾರೆ ಬ್ಯಾರೆ ಫೀಲ್ಡಿನಾಗ ಇರಲಿಲ್ಲಂದ್ರ ಸ್ವಿಫ್ಟ್‌ನಾಗ ಮೆಸೇಜ್ ರಿಜೆಕ್ಟ್ ಆಗತೈತಿ. ವೆಂಡರ್ ಮಾಸ್ಟರಿನಾಗ (ಮಾಲು ಕೊಡೂವರ ಪಟ್ಟಿ) ಆ ಎರಡು ಕಾಲಂ ತುಂಬೂ ಕೆಲಸ ಇವತ್ತ ಶುರು ಮಾಡ್ರಿ.